ಕಾಕಾನ ಖಾಲಿ ಸ್ಟೋರು

ನಮ್ಮ ಕಾಕಾನ ಮನೆಗೆ ಹೋಗುವವರು ಚಹಾ ಕುಡಿಯಲು ಕಪ್ಪನ್ನು ತಾವೇ ಒಯ್ಯಬೇಕು! ಜಿಪುಣನೆಂದು ಮಾತ್ರ ತಿಳಿಯಬೇಡಿ. ಚಹಾಕ್ಕೆ ಸಕ್ಕರೆಯನ್ನು ಪಾಯಸಕ್ಕೆ ಸುರಿದಂತೆ ಸುರಿಯುವ ಮನುಷ್ಯ. ಆದರೆ ಬೆಳಗಾವಿಯ ಶಿವಬಸವ ನಗರದ ಆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇದ್ದದ್ದು ಒಂದೇ ಕಪ್ಪು, ಒಂದೇ ತಾಟು, ಒಂದೇ ಚಮಚ. ಇರುವವನು ಒಬ್ಬ, ಎರಡನೆಯದು ಯಾಕೆ? ಇದು ಜಪಾನಿನ ಜ್ಞಾನ!

ಜಪಾನು ನಮ್ಮ ಮನೆತನಕ್ಕೆ ಪುಣೆಯ ಮಾರ್ಗವಾಗಿ ಬಂತು. ಕಾಕಾ, ಅಂದರೆ ನನ್ನ ತಂದೆಯ ತಮ್ಮ, ಕಾರ್ಖಾನೆಗಳ ಬಡಾವಣೆಯಾದ ಉದ್ಯಮಬಾಗದ ಒಂದು ಎರಕದ ಫೌಂಡ್ರಿಯಲ್ಲಿ ಸ್ಟೋರ್‌ಕೀಪರ್. ಎಂಬತ್ತರ ದಶಕದ ನಡುವೆ ಪುಣೆಯಲ್ಲಿ ಯಾರೋ ಜಪಾನಿ ಉತ್ಪಾದನಾ ಪದ್ಧತಿಯ ತರಬೇತಿ ಇಟ್ಟರು. ಹೋಗಬೇಕಾದವನು ಮಾಲಕರ ಮಗ. ಅವನಿಗೆ ಅದೇ ವಾರ ಮದುವೆ. ಹೀಗಾಗಿ ಅವನು ಹೆಂಡತಿಯನ್ನು ತಂದ, ಕಾಕಾ ಜಪಾನನ್ನು ತಂದ.

ಪಾಠದ ಸಾರ ಇಷ್ಟೇ: ಬೇಕಾದ್ದು, ಬೇಕಾದಾಗ, ಬೇಕಾದಷ್ಟು. ಮಿಕ್ಕದ್ದೆಲ್ಲ ದಂಡ. ಹೆಚ್ಚಿಗೆ ಮಾಲು ಕೂಡಿಡುವುದು ದಂಡ, ಸುಮ್ಮನೆ ಓಡಾಡುವುದು ದಂಡ, ಕಾಯುತ್ತ ನಿಲ್ಲುವುದು ದಂಡ. ಕಾಕಾ ಫೌಂಡ್ರಿಯ ಗೋಡೆಗೆ ಹಲಗೆ ಬಡಿದು, ನಟ್ಟು ಬಿಚ್ಚುವ ಪಾನಾ, ಸುತ್ತಿಗೆಗಳ ಆಕಾರವನ್ನು ಬಣ್ಣದಲ್ಲಿ ಬರೆದ. ಯಾವುದು ಜಾಗದಲ್ಲಿಲ್ಲವೋ ಕಂಡ ತಕ್ಷಣ ತಿಳಿಯಬೇಕು. ಕೆಲಸಗಾರರು ಮೊದಲು ನಕ್ಕರು. ಪಾನಾ ಹುಡುಕುವುದು ತಪ್ಪಿದ ಮೇಲೆ ಖುಷಿಪಟ್ಟರು. ಅಷ್ಟಕ್ಕೇ ನಿಂತಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ!

ಒಂದು ರವಿವಾರ ಅಪ್ಪ, ಅವ್ವ, ನಾನು ನಮ್ಮೂರು ಖಾನಾಪುರದಿಂದ ಹೇಳದೆ ಕೇಳದೆ ಅವನ ಮನೆಗೆ ಹೋದೆವು. ಅಕ್ಕಿ ಇಲ್ಲ, ಬೇಳೆ ಇಲ್ಲ.

"ಡಬ್ಬಿ ಎಲ್ಲಾ ಖಾಲಿ ಅದಾವಲ್ಲೊ ತಮ್ಮಾ, ಉಪವಾಸ ಇರತಿ ಏನ?" ಎಂದು ಅವ್ವ ಹೌಹಾರಿದಳು.

"ನನ್ನ ಅಕ್ಕಿ ಮೂಲಿ ಅಂಗಡ್ಯಾಗ ಐತಿ ವೈನಿ. ಹಸಿವು ಆದಾಗ ತರತೇನಿ. ಮನಿ ಯಾಕ ಗೋದಾಮ ಆಗಬೇಕು?"

ಚಹಾ ಆಯಿತು. ಕಪ್ಪು ಒಂದು, ಬಾಯಿ ನಾಲ್ಕು. ಅವ್ವ ಕುಡಿದಳು, ಕಾಕಾ ತೊಳೆದ, ನಾನು ಕುಡಿದೆ, ಕಾಕಾ ತೊಳೆದ. ಕೊನೆಯ ಸರದಿಗಾಗಿ ಕಾದು ಕುಳಿತ ಅಪ್ಪ ಕೇಳಿದರು: "ಲೇ ತಮ್ಮಾ, ಕಾಯೋದು ದಂಡ ಅಂತ ನಿಮ್ಮ ಜಪಾನದವರು ಹೇಳಿಲ್ಲೇನು?"

ಕಾಕಾ ಗಂಭೀರವಾಗಿ ತಲೆಯಾಡಿಸಿದ. "ಹೇಳ್ಯಾರ ಅಣ್ಣಾ. ಖರೇ ಅಂದ್ರ ನೀವು ಒಬ್ಬೊಬ್ಬರ ಬರಬೇಕಿತ್ತು."

ಇವನಿಗೆ ಮದುವೆ ಮಾಡದೆ ಗತಿಯಿಲ್ಲ ಎಂದು ಅವ್ವ ಅಂದೇ ನಿಶ್ಚಯಿಸಿದಳು. ವಯಸ್ಸು ನಲವತ್ತು ದಾಟಿದ್ದರೂ ಖಾನಾಪುರದಲ್ಲಿ ಒಂದು ಒಳ್ಳೆಯ ಸಂಬಂಧ ಸಿಕ್ಕಿತು. ಹುಡುಗಿ ನಾನು ಶಿಕ್ಷಕಿಯಾಗಿದ್ದ ಶಾಲೆಯಲ್ಲೇ ಹೊಲಿಗೆ ಕಲಿಸುವವಳು, ನಗುಮುಖದವಳು. ನೋಡಲು ಹೋದೆವು. ಅವರ ಅಡುಗೆಮನೆ ಹಿತ್ತಲಿಗಿತ್ತು. ಆಕೆ ತಟ್ಟೆ ಹಿಡಿದು ಅಂಗಳ ಸುತ್ತಿ ಪಡಸಾಲೆಗೆ ಬರುವಷ್ಟರಲ್ಲಿ ಚಹಾಕ್ಕೆ ಕೆನೆ ಕಟ್ಟಿತ್ತು. ಕಾಕಾ ಹುಡುಗಿಯ ಮುಖ ನೋಡಲಿಲ್ಲ. ಎದ್ದು ಹೋಗಿ ಗೋಡೆ ಬಡಿದು ನೋಡಿದ.

"ಈ ಗ್ವಾಡಿ ಒಡದು ಇಲ್ಲೊಂದು ಬಾಗಲಾ ಇಡಸ್ರಿ," ಎಂದು ಆಕೆಯ ತಂದೆಗೆ ಹೇಳಿದ. "ನಿಮ್ಮ ಮಗಳು ದಿನಾ ಎಷ್ಟ ಸುತ್ತತಾಳ! ಪಾಪ, ಕಾಲು ನೋಯಂಗಿಲ್ಲೇನ್ರಿ?"

ಆಕೆ ಸೆರಗು ಬಾಯಿಗಿಟ್ಟು ನಕ್ಕಳು. ಅವಳಿಗೆ ಕಾಕಾ ಹಿಡಿಸಿದ್ದ ಎಂದು ನನಗೆ ಈಗಲೂ ಅನಿಸುತ್ತದೆ. ಹಿಡಿಸದೇ ಹೋದದ್ದು ತಂದೆಗೆ. ಆದರೂ ಸಲಹೆ ಚಲೋ ಇತ್ತಲ್ಲ, ಗೋಡೆ ಒಡೆಸಿ ಬಾಗಿಲು ಇಡಿಸಿದರು. ಮುಂದೆ ಬಂದ ವರನಿಗೆ ಆ ಬಾಗಿಲಿನಿಂದ ಬಿಸಿಬಿಸಿ ಚಹಾ ಬಂತು. ಅವನು ಕುಡಿದು, ಒಪ್ಪಿಕೊಂಡು, ಹುಡುಗಿಯನ್ನು ಕರೆದುಕೊಂಡು ಹೋದ!

ಸುದ್ದಿ ಹೇಳಿದಾಗ ಕಾಕಾ, "ಬಾಗಲಾ ಎಷ್ಟ ಅಗಲ ಇಟ್ಟಾರ?" ಎಂದು ಕೇಳಿದ.

ಅಲ್ಲಿಂದ ಅವನ ಗಮನವೆಲ್ಲ ಸ್ಟೋರಿನ ಮೇಲೆ. ಮಾಲು ಕೊಡುವವರ ಬೆನ್ನು ಹತ್ತಿ, ಅಂದಂದಿನ ಸಾಮಾನು ಅಂದಂದೇ ನೇರವಾಗಿ ಕೆಲಸದ ಜಾಗಕ್ಕೆ ಬರುವಂತೆ ಮಾಡಿದ. ಹಳೆಯದನ್ನು ಒಂದೊಂದಾಗಿ ಸಾಗಹಾಕಿದ. ಕಡೆಗೆ ಸ್ಟೋರಿನಲ್ಲಿ ಒಂದು ಕುರ್ಚಿ, ಅದರ ಮೇಲೆ ಕಾಕಾ. ಹೆಮ್ಮೆಯಿಂದ ಮಾಲಕರನ್ನು ಕರೆತಂದು ತೋರಿಸಿದ.

"ಭಾರಿ ಆತಲ್ರಿ!" ಎಂದರು ಮಾಲಕರು. ಅತ್ತಿತ್ತ ನೋಡಿದರು. "ಅಲ್ರಿ, ಸ್ಟೋರನ ಇಲ್ಲಂದ ಮ್ಯಾಲೆ ಸ್ಟೋರ್‌ಕೀಪರ್ ಯಾಕ ಬೇಕು?"

ಬೇರೆಯವರಾದರೆ ಜಗಳಾಡುತ್ತಿದ್ದರು, ಕಾಲು ಹಿಡಿಯುತ್ತಿದ್ದರು. ನಮ್ಮ ಕಾಕಾ ಯೋಚಿಸಿ, "ಖರೇ ಐತ್ರಿ," ಎಂದು ಕೀಲಿಕೈ ಕೊಟ್ಟು ಬಂದ!

ಅಪ್ಪ ಸಿಟ್ಟಿನಿಂದ ಕುಣಿದಾಡಿದರು. "ನಿನ್ನ ಹೊಟ್ಟಿ ಮ್ಯಾಲೆ ನೀನ ಕಾಲ ಇಟ್ಟಿಯಲ್ಲೋ!"

"ಅವರು ಕೇಳಿದ್ದು ಬರೋಬ್ಬರಿ ಇತ್ತಣ್ಣಾ," ಎಂದ ಕಾಕಾ. "ಪದ್ಧತಿ ಅವರಿಗೆ ಪೂರಾ ತಿಳಿದೈತಿ." ಮೆಚ್ಚಿಗೆಯೇ ಇತ್ತು ದನಿಯಲ್ಲಿ. ಖಾನಾಪುರಕ್ಕೆ ಬಂದು ನಮ್ಮೊಡನೆ ಇರು ಎಂದರೆ, "ಅಲ್ಲಿ ನನ್ನಿಂದ ಏನ ಉಪಯೋಗ?" ಎಂದು ಒಲ್ಲೆನೆಂದ.

ನಾವು ಬಂದವರಿಗೆಲ್ಲ ಈ ಕಥೆ ಹೇಳಿ ನಗಿಸುತ್ತಿದ್ದೆವು.

ಕೆಲವು ತಿಂಗಳ ಮೇಲೆ ಶಾಲೆಗೊಂದು ಕಬ್ಬಿಣದ ಕಪಾಟು ಮಾಡಿಸಬೇಕಾಗಿ, ಮುಂಜಾನೆ ಬೆಳಗಾವಿಯಲ್ಲಿ ಉದ್ಯಮಬಾಗದ ಸಿಟಿ ಬಸ್ಸು ಹತ್ತಿದೆ. ಕೆಲಸಗಾರರಿಂದ ಕಿಕ್ಕಿರಿದಿತ್ತು. ನಡುವೆ ಜೋರು ನಗು, ಕನ್ನಡ, ಮರಾಠಿ, ಉರ್ದು ಎಲ್ಲ ಕಲಸಿಕೊಂಡು. ಇಣುಕಿದರೆ ಕಿಟಕಿ ಪಕ್ಕ ಕಾಕಾ! ಇಸ್ತ್ರಿ ಅಂಗಿ, ತೊಡೆಯ ಮೇಲೆ ಊಟದ ಡಬ್ಬಿ. ಮತ್ತೆ ನೌಕರಿ ಸಿಕ್ಕಿತೆಂದು ನನಗೆ ಹಿಗ್ಗು.

ಉದ್ಯಮಬಾಗ ಬಂತು. "ಬರತೇವ್ರಿ ಸಾಹೇಬ್ರ," ಎನ್ನುತ್ತ ಎಲ್ಲರೂ ಇಳಿದರು. ಕಾಕಾ ಏಳಲಿಲ್ಲ. ಕಿಟಕಿಯಿಂದ ಕೈ ಬೀಸಿದ. ಬಸ್ಸು ಖಾಲಿಯಾದ ಮೇಲೆ ನನ್ನನ್ನು ನೋಡಿದ.

"ಇಳಿಯಂಗಿಲ್ಲೇನ ಕಾಕಾ?"

"ಇಲ್ಲವಾ. ಇದ ಬಸ್ಸಿನ್ಯಾಗ ಹೊಳ್ಳಿ ಹೋಗತೇನಿ."

"ಮತ್ತ ಬಂದದ್ದು ಯಾತಕ್ಕ?"

ಡಬ್ಬಿಯ ಹಿಡಿಕೆಯನ್ನು ಎತ್ತಿದ, ಇಳಿಸಿದ. "ದಿನಾ ಬರತೇನಿ. ಇವರೆಲ್ಲ ಇರತಾರಲ್ಲ. ಮನ್ಯಾಗ ಮಾತಾಡಾಕ ಯಾರ ಅದಾರವಾ?"

ನಾನು ಇಳಿಯಲಿಲ್ಲ. ಅವನ ಪಕ್ಕ ಕುಳಿತೆ. ಡ್ರೈವರ್ ಚಹಾ ಕುಡಿದು ಬರುವವರೆಗೆ ಡಬ್ಬಿಯಲ್ಲಿದ್ದ ರೊಟ್ಟಿಯನ್ನು ಇಬ್ಬರೂ ಮುರಿದು ತಿಂದೆವು. ಬಸ್ಸು ಊರಿನತ್ತ ಹೊಳ್ಳಿತು. ಕಂಡಕ್ಟರ್ ಬಂದು, "ಎಲ್ಲಿಗ್ರೀ ಅಕ್ಕಾರ?" ಎಂದ.

"ಇವರು ಎಲ್ಲಿ ಇಳಿತಾರ, ಅಲ್ಲಿಗೆ," ಎಂದೆ.