ನೀಲಗಂಗೆಯ ಸ್ತಂಭಾರೋಹಣ

ಕಂಬದೊಳಗಿನಿಂದ ದೇವರು ಹೊರಬಂದದ್ದು ಕೃತಯುಗದ ಸಮಾಚಾರ. ಲಿಫ್ಟು ಕೆಟ್ಟರೆ ಮೊದಲ ಮಹಡಿಗೂ ಹೋಗಲೊಲ್ಲದ ಈ ಕಲಿಯುಗದಲ್ಲಿ ಮನುಷ್ಯರೇ ಶುಲ್ಕ ತೆತ್ತು ಕಂಬವೇರಲು ಹೊರಟಿದ್ದಾರೆ. ತಾಯೇ ವಾಗ್ದೇವಿ, ಬಿಡುವಿದ್ದರೆ ನನ್ನ ನಾಲಗೆಯ ಮೇಲೆ ಬಂದು ಕೂಡು. ಹುಬ್ಬಳ್ಳಿ ಮಹಾನಗರದ ಸಹಕಾರಿ ಬ್ಯಾಂಕಿನ ಗುಮಾಸ್ತೆಯೂ, ನಲವತ್ತು ದಾಟಿದವಳೂ, ಮಂಡಿನೋವುಮಂಡಿತೆಯೂ ಆದ ನೀಲಗಂಗಾ ಬೆಟಗೇರಿಯು ಪೋಲ್ ಡ್ಯಾನ್ಸಿನ ಮೊದಲ ಪಾಠಕ್ಕೆ ದಂಡೆತ್ತಿ ಹೋದ ಪರಿಯನ್ನು ಹೇಳಬೇಕಾಗಿದೆ.

ಯುದ್ಧದ ಮೂಲ ಒಂದು ಮದುವೆಯೂಟದ ಪಂಕ್ತಿ. ಉಂಡು ಏಳುವಾಗ ನೀಲಗಂಗೆ ಪಕ್ಕದಲ್ಲಿದ್ದ ನೆಗೆಣ್ಣಿ ಸುವರ್ಣಾಳ, ಅಂದರೆ ಮೈದುನನ ಹೆಂಡತಿಯ, ಹೆಗಲು ಹಿಡಿದಳು.

"ಅಕ್ಕಾ, ನಿನ್ನ ಎಬ್ಬಸಾಕ ಕ್ರೇನ್ ತರಸಬೇಕ ನೋಡು!" ಎಂದು ಸುವರ್ಣಾ ಎಲ್ಲರಿಗೂ ಕೇಳುವಂತೆ ನಕ್ಕಳು.

ಸಭಾಮಧ್ಯದಲ್ಲಿ ಮಾನಭಂಗ! ಬ್ಯಾಂಕಿನೆದುರು, ಟೈರ್ ಅಂಗಡಿಯ ಮೇಲೆ, ಹೊಸದಾಗಿ ತೆರೆದಿದ್ದ ನೃತ್ಯಶಾಲೆಯ ಫಲಕ ವೀರಾಂಗನೆಯ ನೆನಪಿಗೆ ಬಂತು. ಪಾಯಸದ ಕೈಯನ್ನೇ ಎತ್ತಿ ಗರ್ಜಿಸಿದಳು: "ಕೇಳ ಸುವರ್ಣಾ! ಆ ಪೋಲ್ ಡ್ಯಾನ್ಸ್ ಸಾಲ್ಯಾಗ, ಮೊದಲ್ನೇ ಪಾಠಕ್ಕನ, ಎರಡೂ ಕಾಲು ನೆಲ ಬಿಟ್ಟು ಕಂಬದ ಮ್ಯಾಲ ಇರ್ತೇನಿ. ನೀನ ಬಂದು ನಿನ್ನ ಕಣ್ಣಲೇ ನೋಡು. ಆಗಲಿಲ್ಲಂದ್ರ ಈ ದೀಪಾವಳಿ ಫರಾಳ ಪೂರಾ ನಾ ಒಬ್ಬಾಕೀನ ಮಾಡ್ತೇನಿ. ಆತಂದ್ರ ನೀ ಮಾಡ್ಬೇಕು!"

ಇಡೀ ಮನೆತನದ ಚಕ್ಕಲಿ, ಶಂಕರಪೋಳಿ, ಉಂಡಿ! ಸಾಮ್ರಾಜ್ಯಗಳು ಇದಕ್ಕಿಂತ ಸಣ್ಣ ಕಾರಣಕ್ಕೆ ಮುಳುಗಿವೆ.

ರಣದಿನದ ಮುಂಜಾನೆ ಅತ್ತೆಯವರು ಸೊಸೆಯನ್ನು ಮಣೆಯ ಮೇಲೆ ಕೂಡಿಸಿದರು. "ಹೊಸಾ ವಿದ್ಯಾ ಐತಿ, ಎಣ್ಣಿ ಹಚ್ಚಿ ಎರಕೊಂಡ ಹೋಗಬೇಕವಾ. ಸಾಬೂನ ಮುಟ್ಟಬ್ಯಾಡ, ಕಳೆ ಹೋಗ್ತೈತಿ" ಎಂದು ನೆತ್ತಿಯಿಂದ ಅಂಗಾಲಿನವರೆಗೆ ಹರಳೆಣ್ಣೆ ತಿಕ್ಕಿದರು. ಶಾಸ್ತ್ರ ತಪ್ಪಬಾರದು ನೋಡಿ, ಸೊಂಟ ತಪ್ಪಿದರೂ ಅಡ್ಡಿಯಿಲ್ಲ.

ಮಗನ ಫುಟ್‌ಬಾಲ್ ಚಡ್ಡಿಯೆಂಬ ಕವಚ ಧರಿಸಿ, ಮಿರಿಮಿರಿ ಮಿಂಚುತ್ತ, ನೀಲಗಂಗೆ ರಣರಂಗ ಹೊಕ್ಕಳು. ಸಾಕ್ಷಿಯಾಗಿ ಸುವರ್ಣಾ ಕುರ್ಚಿಯಲ್ಲಿ ವಿರಾಜಮಾನಳಾದಳು. ಉಕ್ಕಿನ ಕಂಬಕ್ಕೆ ಕೈಮುಗಿದು ವೀರಾಂಗನೆ ಸವಾಲೆಸೆದಳು: "ಕಂಬಪ್ಪಾ, ನಿನ್ನಂಥಾವ್ರನ್ನ ಭಾಳ ಮಂದೀನ ನೋಡೀನಿ. ಆಡಿಟ್‌ನವರಿಗೇ ಅಂಜದಾಕಿ ನಾನು!"

ಅಪ್ಪಿದಳು, ಬಲಗಾಲು ಸುತ್ತಿದಳು, ಎಡಗಾಲು ಎತ್ತಿದಳೋ ಇಲ್ಲವೋ, ಜರ್ರನೆ ಜಾರಿ ಧೊಪ್ಪನೆ ಕೂತಳು. ಎರಡನೆಯ ಸಲವೂ ಅದೇ ಪರಾಕ್ರಮ. ಕಲಿಸುವ ಹುಡುಗಿ ಪ್ರಾಚಿ ಕಂಬವನ್ನು ಮುಟ್ಟಿ ತನ್ನ ಬೆರಳು ನೋಡಿಕೊಂಡಳು.

"ಆಂಟಿ, ಮೈಗೆ ಏನರೆ ಹಚ್ಚೀರೇನ್ರಿ?"

"ಏನಿಲ್ವಾ, ಬರೇ ಹರಳೆಣ್ಣಿ."

"ಅಯ್ಯ ದೇವ್ರ! ಕಂಬಕ್ಕ ಚರ್ಮಾನ ಹಿಡೀಬೇಕ್ರೀ. ಇಲ್ಲಿ ಕ್ರೀಮ್ ಸುದ್ದಾ ಹಚ್ಚಬಾರದು!"

ಸುವರ್ಣಾ ನಕ್ಕು ನಕ್ಕು ಕುರ್ಚಿಯಿಂದ ಬೀಳುವುದೊಂದು ಬಾಕಿ. ಟವೆಲ್ಲುಗಳು ಬಂದವು, ಕಂಬವನ್ನೂ ವೀರಾಂಗನೆಯನ್ನೂ ಒಟ್ಟಿಗೆ ತಿಕ್ಕಲಾಯಿತು. ಜಾರದಿರಲೆಂದು ಅಂಗೈಗೆ ಬಿಳಿಪುಡಿ ಬಿತ್ತು. ನಾಚಿಕೆಯಿಂದ ಕೆಂಪಾದ ನೀಲಗಂಗೆ ಹಲ್ಲು ಕಚ್ಚಿ, ಕುಲದೇವರ ಹೆಸರು ಕೂಗಿ, ಮತ್ತೊಮ್ಮೆ ಕಂಬದ ಮೇಲೆರಗಿದಳು.

ಆಹಾ! ಎರಡೂ ಪಾದಗಳು ಭೂಮಂಡಲವನ್ನು ತೊರೆದವು! ಒಂದು ಸೀನು ಸೀನುವಷ್ಟು ಹೊತ್ತು ಆಕೆ ಅಂತರಿಕ್ಷವಾಸಿನಿಯಾಗಿದ್ದಳು. ನಿಜವಾಗಿಯೂ ಇದ್ದಳು, ನನಗೂ ಸಂತೋಷವಾಯಿತು.

ಇಳಿದವಳೇ ಏದುಸಿರಿನಲ್ಲಿ ಕೂಗಿದಳು: "ನೋಡಿದ್ಯಾ ಇಲ್ಲೋ?"

ಸುವರ್ಣಾ ಮುಖದಿಂದ ಅಂಗೈ ತೆಗೆದಳು. "ಎಲ್ಲಿ ನೋಡ್ಲೆ ಅಕ್ಕಾ! ಬಿದ್ದು ಸೊಂಟಾ ಮುರಕೊಂತಿ ಅಂತ ಅಂಜಿ ಕಣ್ಣ ಮುಚ್ಚಿದ್ದೆ."

"ನಾ ನೋಡೀನ್ರಿ, ಎರಡೂ ಕಾಲು ಬಿಟ್ಟಿದ್ವು" ಎಂದಳು ಪ್ರಾಚಿ.

"ನೀ ಸುಮ್ನಿರವಾ. ಫೀ ತೊಗೊಂಡಾಕಿ ಬಿಟ್ಟಿಲ್ಲ ಅಂತೀಯೇನು?"

"ಹಂಗಾರ ಮತ್ತ ಏರ್ತೇನಿ!" ಎಂದು ನೀಲಗಂಗೆ ಕೈಯೆತ್ತಹೋದಳು. ಕೈಗಳು ಮೇಲೆ ಬರಲೊಲ್ಲೆವು ಎಂದವು.

ಕೆಳಗಿಳಿದ ಮೇಲೆ ವೀರಾಂಗನೆಗೆ ಹೆಲ್ಮೆಟ್ಟನ್ನು ಸುವರ್ಣಾಳೇ ತೊಡಿಸಿ, ಗದ್ದದಡಿ ಪಟ್ಟಿ ಬಿಗಿದು, ಸ್ಕೂಟರಿನ ಹಿಂದೆ ಕೂಡಿಸಿಕೊಂಡಳು. ಸ್ವಲ್ಪ ದೂರ ಹೋದ ಮೇಲೆ ತಿರುಗದೆಯೇ ಹೇಳಿದಳು: "ಈ ಕೈಲೆ ನೀ ಏನ ಚಕ್ಕಲಿ ಒತ್ತತಿ? ಫರಾಳ ನಾನ ಮಾಡ್ತೇನಿ ಬಿಡು. ಆದ್ರ ನೀ ಗೆದ್ದಿ ಅಂತಲ್ಲ ಮತ್ತ."

ಗಗನಚುಂಬಿನಿಯೂ ಸ್ತಂಭಮರ್ದಿನಿಯೂ ಆದ ನೀಲಗಂಗೆ ಇದಕ್ಕೆ ತಕ್ಕ ಉತ್ತರ ಕೊಡಲೆಂದು ಬಾಯಿ ತೆರೆದಳು.

"ಗಾಡಿ ನಿಲ್ಲಸ ಸುವರ್ಣಾ. ಮೂಗು ತುರಸಾಕತ್ತೈತಿ, ಚೂರ ಕೆರಿ."