ಹಿಂದಿನ ಸೀಟಿನ ಗಂಟೆ

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ತಡೆದುಕೊಳ್ಳಲು ಆಗುತ್ತಿಲ್ಲ. ನಮ್ಮ ಮೊಮ್ಮಗಳು ಚೈತ್ರಳಿಗೆ ಲೈಸೆನ್ಸ್ ಬಂತು! ಗೇರಿಲ್ಲದ ಸ್ಕೂಟರಿನದಲ್ಲ, ಗೇರು ಹಾಕುವ ಮೋಟಾರ್ ಸೈಕಲ್ಲಿನದು. ನನ್ನ ಫೋಟೊ ಇರುವ ಮೊದಲ ಕಾರ್ಡು ರೇಷನ್ನಿನದು, ಅದರಲ್ಲೂ ಯಜಮಾನರು, ಮಗ, ಸೊಸೆ ಎಲ್ಲರೂ ಒತ್ತಿಕೊಂಡು ನಿಂತಿದ್ದೆವು. ಇದರಲ್ಲಿ ಅವಳೊಬ್ಬಳೇ. ಕಾರ್ಡನ್ನು ದೇವರ ಮುಂದಿಟ್ಟು ವಿಭೂತಿ ಹಚ್ಚಿದೆ. ಖುಷಿಯಲ್ಲಿ ಜಾಸ್ತಿಯಾಗಿ ಫೋಟೊದ ಹಣೆಗೂ ಮೆತ್ತಿಕೊಂಡಿತು. "ಅಜ್ಜೀ, ಪೊಲೀಸ್ನೋರು ನೋಡಿದ್ರೆ ಇದ್ಯಾರೋ ಮಠದ ಸ್ವಾಮಿಗಳು ಅಂತಾರೆ" ಅಂತ ಒರೆಸಿಕೊಂಡಳು. ನಮ್ಮೂರು ಕಣಕಟ್ಟೆಯ ಬಸ್ ಸ್ಟಾಪಿನಲ್ಲಿ ನಿಂತವರಿಗೆಲ್ಲ ಸಕ್ಕರೆ ಹಂಚಿದೆ. ಒಬ್ಬ ಹೆಂಗಸು "ಹೆರಿಗೆ ಆಯ್ತಾ, ಗಂಡೋ ಹೆಣ್ಣೋ?" ಅಂದಳು. "ಲೈಸೆನ್ಸು ಕಣವ್ವ" ಅಂದೆ.

ಇಷ್ಟು ಖುಷಿಯಾದ ಮನೆಯಲ್ಲಿ ಮಾರನೆಯ ದಿನದಿಂದಲೇ ನನಗೆ ಅನ್ನ ಸೇರದಂತಾಯಿತು ಎಂದರೆ ನೀವು ನಂಬಬೇಕು. ಲೈಸೆನ್ಸ್ ಬಂದದ್ದೇ ತಡ, ಚೈತ್ರ "ನಂಗೆ ಹೊಸ ಗಾಡಿ ಬೇಡ, ತಾತನ ಗಾಡಿನೇ ಬೇಕು" ಎಂದು ಕೂತಳು. ಅದು ಮೈಸೂರಿನಲ್ಲಿ ತಯಾರಾದ, ಎರಡು ಸೈಲೆನ್ಸರಿನ ಗಾಡಿ. ಕಿಕ್ ಹೊಡೆಯುವುದೂ ಗೇರು ಹಾಕುವುದೂ ಒಂದೇ ಕೋಲಿನಲ್ಲಿ. ಕೊಬ್ಬರಿ ಅಟ್ಟದ ಕೆಳಗಿನ ಕೋಣೆಗೆ ನಮ್ಮಲ್ಲಿ ಸ್ಟೋರು ಎಂದೇ ಹೆಸರು. ಯಜಮಾನರ ಮಂಡಿ ಸೋತ ಮೇಲೆ ಗಾಡಿ ಆ ಸ್ಟೋರಿಗೆ ಹೋಗಿ ಕೂತದ್ದು, ಅಲ್ಲಿಂದ ಎದ್ದಿರಲಿಲ್ಲ. ಮೇಲೆ ಕಾಯಿ ಒಣಗುತ್ತಿದ್ದವು, ಕೆಳಗೆ ಗಾಡಿ ಒಣಗುತ್ತಿತ್ತು. ಹೊರಗೆ ತಂದಾಗ ಯಜಮಾನರು ಅದನ್ನು ಹಿಡಿದು ಅಲುಗಾಡಿಸಿ, ಕಿವಿಗೊಟ್ಟು ಕೇಳಿದರು. ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ಕಾಯಿಯನ್ನು ಹಾಗೆ ನೋಡುವುದು. ಒಳಗೇನೋ ಲೊಡಲೊಡ ಎಂದಿತು. ಕಾಯಿಗಾದರೆ ಅದು ಶುಭ, ಎಂಜಿನ್ನಿಗೆ ಏನೋ ನನಗೆ ತಿಳಿಯದು.

ನನ್ನ ಕಣ್ಣು ಮಾತ್ರ ಹಿಂದಿನ ಸೀಟಿನ ಪಕ್ಕಕ್ಕೆ ಹೋಯಿತು. ಅಲ್ಲಿ ಹಿಡಿಕೆಗೆ ಬಿಗಿದ ಸೈಕಲ್ ಗಂಟೆ ಹಾಗೇ ಇತ್ತು. ಅದರ ಕತೆ ಹೇಳದೆ ಮುಂದೆ ಹೋಗಲಾರೆ. ಮದುವೆಯಾದ ಹೊಸದರಲ್ಲಿ ಇವರು ನನ್ನನ್ನು ಆ ಗಾಡಿಯಲ್ಲಿ ಬೇಲೂರಿಗೆ ಕರೆದುಕೊಂಡು ಹೋಗಿದ್ದರು. ಕನ್ನಡಿ ಹಿಡಿದು ನಿಂತ ಶಿಲಾಬಾಲಿಕೆಯನ್ನು ತೋರಿಸಿ "ನೋಡೇ, ಎಷ್ಟು ಕಾಲದಿಂದ ರೆಡಿಯಾಗ್ತಾನೇ ಅವ್ಳೆ" ಎಂದು ನನ್ನ ಕಡೆ ತಿರುಗಿ ನಕ್ಕಿದ್ದರು. ಬರುವಾಗ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ಬುತ್ತಿ ಬಿಚ್ಚಿದೆವು. ಅಲ್ಲಿನ ಬಸದಿಯ ಕಂಬಗಳು ಎಷ್ಟು ನುಣುಪೆಂದರೆ ಮುಖ ಕಾಣುತ್ತದೆ. ನಾನು ಕಂಬ ನೋಡಿಕೊಂಡು ಮುಡಿ ಸರಿಮಾಡುತ್ತಿದ್ದೆ. ಇವರು ಗಾಡಿ ಸ್ಟಾರ್ಟ್ ಮಾಡಿ, ನಾನು ಕೂತಿದ್ದೇನೆಂದು ತಿಳಿದು ಹೊರಟೇಬಿಟ್ಟರು. ಜಾವಗಲ್ಲಿನವರೆಗೂ ನನ್ನ ಜೊತೆ ಮಾತಾಡಿಕೊಂಡೇ ಹೋಗಿದ್ದಾರೆ! ತೋಟ, ತಂಗಿಯ ಮದುವೆ, ನನ್ನ ಅಡುಗೆಯಲ್ಲಿ ಹುಳಿ ಜಾಸ್ತಿ ಎಂಬ ದೂರು, ಎಲ್ಲವನ್ನೂ ಹೇಳಿದರಂತೆ. ನಾನು ಎದುರಾಡಲಿಲ್ಲವಲ್ಲ ಎಂದು ಬಹಳ ಮೆಚ್ಚಿಕೊಂಡರಂತೆ. ಟೀ ಅಂಗಡಿಯಲ್ಲಿ ಎರಡು ಲೋಟ ಹಿಡಿದು ತಿರುಗಿದಾಗಲೇ ಗೊತ್ತಾದದ್ದು. ವಾಪಸ್ ಬಂದಾಗ ನಾನು ಅದೇ ಕಂಬದ ಹತ್ತಿರ ಅಳುತ್ತಾ ಕೂತಿದ್ದೆ. ಕಂಬದೊಳಗೂ ಒಬ್ಬಳು ಅಳುತ್ತಿದ್ದಳು, ಜೊತೆಗೆ ಅಷ್ಟಾದರೂ ಇತ್ತು.

ಮರುವಾರ ಅರಸೀಕೆರೆ ಸಂತೆಯಿಂದ ಇವರು ಗಂಟೆ ತಂದು ಬಿಗಿದರು. ಕಾಲಿಡಲು ಅಗಲವಾದ ಕಬ್ಬಿಣದ ಹಲಗೆಯನ್ನೂ ಬೋಲ್ಟು ಹಾಕಿ ಕೂರಿಸಿದರು. ನಾನು ಹತ್ತಿ ಕೂತು ಒಂದು ಸಲ ಹೊಡೆದರೆ ಹೊರಡಬೇಕು, ಎರಡು ಹೊಡೆದರೆ ನಿಲ್ಲಿಸಬೇಕು. ಈ ಮನೆಯಲ್ಲಿ ನನ್ನ ಮಾತು ತಪ್ಪದೆ ನಡೆದ ಜಾಗ ಯಾವುದು ಎಂದು ಕೇಳಿದರೆ ಅದು ಆ ಹಿಂದಿನ ಸೀಟು. ಅದಕ್ಕೇ ಚೈತ್ರ ತಾತನ ಗಾಡಿ ಬೇಕೆಂದಾಗ ಮನಸ್ಸಿನಲ್ಲೇ ಅವಳ ಹಿಂದೆ ಕೂತು, ಗಂಟೆ ಹೊಡೆದು, ಅರ್ಧ ಬೇಲೂರು ತಲುಪಿದ್ದೆ. ಯಾರೂ ಕರೆದಿರಲಿಲ್ಲ, ಅದು ಬೇರೆ ಮಾತು.

ಜಗಳ ಶುರುವಾದದ್ದು ಗಾಡಿಯನ್ನು ಏನು ಮಾಡುವುದು ಎಂದು. ಯಜಮಾನರದು ಒಂದೇ ಹಟ, "ರಿಸ್ಟೋರ್". ಹಳೆಯ ಹಾಗೇ ಮಾಡಿಸುವುದು ಎಂಬ ಅರ್ಥದ ಈ ಮಾತನ್ನು ಅವರಿಗೆ ಕಲಿಸಿದವನು ಅರಸೀಕೆರೆಯ ಮೆಕ್ಯಾನಿಕ್ ಪುಟ್ಟರಾಜು, ನನ್ನ ಕಿವಿಗೆ ಅದು ಹೊಸದು. ಚೈತ್ರಳದು "ಮಾಡಿಫೈ". ದಪ್ಪ ಟೈರು, ಹೊಸ ಹ್ಯಾಂಡಲ್, ಕಪ್ಪು ಬಣ್ಣ ಅಂತೆ. ನನ್ನ ಮಗ ಮಹೇಶ ಯಾವ ಕಡೆಗೂ ಸೇರದೆ "ಅವ್ವ ಹೇಳಿದಂಗೆ ಆಗ್ಲಿ" ಎಂದು ತೋಟಕ್ಕೆ ಹೋಗಿಬಿಟ್ಟ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಅಂಗಳದಿಂದ ಯಜಮಾನರು ಕೂಗಿದರು, "ಏನೇ, ಗಾಡಿ ರಿಸ್ಟೋರೇ ತಾನೇ?"

ರೊಟ್ಟಿಯ ಪಟಪಟ ಸದ್ದಿನಲ್ಲಿ ನನಗೆ ಕೇಳಿಸಿದ್ದು ಸ್ಟೋರು ಮಾತ್ರ. ಮೊದಲಿನ 'ರಿ' ಎಲ್ಲಿಂದ ಬಂತು ಎಂದು ಯೋಚಿಸಲೇ ಇಲ್ಲ. ದಿನಕ್ಕೆ ನೂರು ಸಲ ರೀ, ರೀ ಎಂದು ಕೂಗುವವಳು ನಾನು, ನನ್ನ ಕಿವಿಗೆ ಅದೊಂದು ಲೆಕ್ಕವೇ? ಅಷ್ಟು ಕಷ್ಟಪಟ್ಟು ಹೊರಗೆ ತಂದ ಗಾಡಿಯನ್ನು ಮತ್ತೆ ಸ್ಟೋರಿಗೆ ತಳ್ಳುತ್ತಾರಲ್ಲ ಎಂದು ಹೊಟ್ಟೆ ಉರಿಯಿತು. "ಬೇಡವೇ ಬೇಡ ಕಣ್ರೀ! ನಿಮಗೇನು ಬುದ್ಧಿ ಐತೋ ಇಲ್ವೋ? ಮಗು ಹೇಳ್ದಂಗೆ ಮಾಡ್ರೀ!" ಎಂದು ಕೂಗಿದೆ. ಚೈತ್ರ ಓಡಿಬಂದು ಹಿಟ್ಟಿನ ಕೈಯನ್ನೂ ನೋಡದೆ ತಬ್ಬಿಕೊಂಡಳು. ಯಜಮಾನರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ನಾನು ಮಂಡಿ ನೋವಿರಬೇಕು ಎಂದುಕೊಂಡು ಎಣ್ಣೆ ಕಾಯಿಸಿ ಕೊಟ್ಟೆ. ಅದನ್ನು ತಲೆಗೆ ಹಚ್ಚಿಕೊಂಡರು.

ಮೂರನೆಯ ದಿನ ಚೈತ್ರ ಗಾಡಿಯನ್ನು ಪುಟ್ಟರಾಜುವಿನ ಹತ್ತಿರ ಬಿಟ್ಟು, ಅರಸೀಕೆರೆಯಿಂದ ಒಂದು ಸಿಮೆಂಟ್ ಚೀಲ ತಂದು ಜಗಲಿಯ ಮೇಲೆ ಸುರಿದಳು. ಕಾಲಿಡುವ ಹಲಗೆ. ಹಿಡಿಕೆ. ಕೊನೆಗೆ ಉರುಳಿಬಂದದ್ದು ಗಂಟೆ.

"ಇದ್ಯಾಕೇ ಬಿಚ್ಚಿಸ್ದೆ?"

"ಸಿಂಗಲ್ ಸೀಟ್ ಅಜ್ಜಿ, ಹಿಂದೆ ಏನೂ ಇರಲ್ಲ. ಆ ಫ್ರೇಮ್ ಕಟ್ ಮಾಡ್ತಾರೆ. ಅರಸೀಕೆರೇಲಿ ಕರೆಂಟ್ ಇರ್ಲಿಲ್ಲ, ನಾಳೆ ಮಾಡ್ತಾರಂತೆ. ನೀನೇ ತಾನೇ ರಿಸ್ಟೋರ್ ಬೇಡ ಅಂದಿದ್ದು?"

"ಸ್ಟೋರಿಗೆ ಹಾಕೋದು ಬೇಡ ಅಂದೆ ಕಣೇ!"

ಅವಳು ನಕ್ಕು ನಕ್ಕು ಜಗಲಿಯ ಕಂಬ ಹಿಡಿದುಕೊಂಡಳು. ಒಳಗಿನಿಂದ, ಎರಡು ದಿನ ಮೌನವಾಗಿದ್ದ ಯಜಮಾನರು ಕೆಮ್ಮುವಂತೆ ನಕ್ಕದ್ದೂ ಕೇಳಿಸಿತು. ನಗದೆ ಉಳಿದವಳು ನಾನೊಬ್ಬಳೇ. ನನಗೆ ಹಿಂದೆ ಕೂರಬೇಕು ಎಂದು ಹೇಳಬಹುದಿತ್ತು, ಗಂಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ನಡೆದೆ. ಮೊಮ್ಮಗಳ ಖುಷಿಗೆ ನಾನೇ ಅಡ್ಡ ಬರುವುದೇ? ಈ ವಯಸ್ಸಿನಲ್ಲಿ ಮೋಟಾರ್ ಸೈಕಲ್ ಹತ್ತುವ ಆಸೆ ಎಂದರೆ ಬೀದಿಯವರು ಬಿಡುತ್ತಾರೆಯೇ?

ಮಾರನೆಯ ಬೆಳಗ್ಗೆ ಸಾರಿಗೆ ಎರಡು ಸಲ ಉಪ್ಪು ಹಾಕಿ, ಗಂಟೆಯನ್ನು ಕೈಚೀಲದಲ್ಲಿಟ್ಟುಕೊಂಡು, ಯಾರಿಗೂ ಹೇಳದೆ ಅರಸೀಕೆರೆಯ ಬಸ್ ಹತ್ತಿದೆ. ಪುಟ್ಟರಾಜು ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. "ಕೊಯ್ಯಬೇಡಪ್ಪ, ರಿಸ್ಟೋರೇ ಮಾಡು. ಈ ಗಂಟೆ ಮೊದಲಿನ ಹಾಗೆ ಬಿಗಿ" ಅಂದೆ.

ಅವನು ಗಂಟೆಯನ್ನು ತಿರುಗಿಸಿ ನೋಡಿದ. "ಅಮ್ಮಾರೇ, ರಿಸ್ಟೋರ್ ಅಂದ್ರೆ ಕಂಪನಿಯಿಂದ ಬಂದ ದಿನ ಹೆಂಗಿತ್ತೋ ಹಂಗೆ. ಕಂಪನಿಯೋರು ಸೈಕಲ್ ಗಂಟೆ ಕೊಟ್ಟಿದ್ರಾ? ಈ ಹಲಗೆ ಕೊಟ್ಟಿದ್ರಾ? ಇವೆಲ್ಲ ಆಮೇಲೆ ಸೇರ್ಕಂಡಿದ್ದು. ಆಮೇಲೆ ಬಂದಿದ್ದನ್ನೆಲ್ಲ ತೆಗೀಲೇಬೇಕು."

ಅಲ್ಲೇ ಇದ್ದ ಟೈರಿನ ಮೇಲೆ ಕೂತು ಲೆಕ್ಕ ಹಾಕಿದೆ. ಗಾಡಿ ಈ ಮನೆಗೆ ಬಂದ ದಿನ ನಾನೆಲ್ಲಿದ್ದೆ? ಗಾಡಿ ಮೊದಲು ಬಂತು, ನಾನು ಆಮೇಲೆ ಬಂದೆ. ಮಾಡಿಫೈ ಮಾಡಿದರೆ ಮುಂದೆ ನಾನಿಲ್ಲ, ರಿಸ್ಟೋರ್ ಮಾಡಿದರೆ ಹಿಂದೆಯೂ ನಾನಿಲ್ಲ. ಮೂರನೇ ಕ್ಲಾಸು ಓದಿದ ನನಗೂ ಈ ಲೆಕ್ಕ ಅರ್ಥವಾಯಿತು. "ಕೊಯ್ಯೋದು ಸಾಯಂಕಾಲದವರೆಗೆ ತಡಿ" ಎಂದಷ್ಟೇ ಹೇಳಿ ಎದ್ದೆ.

ದುಃಖಪಡಲೂ ಆ ಗಂಟೆ ಬಿಡಲಿಲ್ಲ. ವಾಪಸ್ ಬರುವ ಬಸ್ಸು ಒಂದು ಗುಂಡಿಗೆ ಇಳಿದು ಹತ್ತಿದಾಗ ಚೀಲದೊಳಗೆ ಟ್ರಿಣ್, ಟ್ರಿಣ್ ಎಂದಿತು. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. "ಯಾರ್ರೀ ಇಳಿಯೋರು?" ಎಂದು ಕಂಡಕ್ಟರ್ ಕೂಗಿದ. ಯಾರೂ ಏಳಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಇನ್ನೊಂದು ಗುಂಡಿ, ಮತ್ತೆ ಎರಡು ಟ್ರಿಣ್, ಮತ್ತೆ ಬಸ್ಸು ನಿಂತಿತು. ಕಂಡಕ್ಟರ್ ನನ್ನ ಚೀಲದ ಮುಂದೆ ಬಂದು, "ಅಜ್ಜಿ, ನೀನ್ ನನ್ ಕೆಲಸಕ್ಕೇ ಕೈ ಹಾಕಿದೀಯ" ಅಂದ. ಬಸ್ಸಿನವರೆಲ್ಲ ನಕ್ಕರು. ಊರು ಬರುವವರೆಗೂ ಗಂಟೆಯನ್ನು ಮಗುವಿನ ಬಾಯಿ ಮುಚ್ಚಿದ ಹಾಗೆ ಅಂಗೈಯಲ್ಲಿ ಒತ್ತಿ ಹಿಡಿದೆ. ಕಣ್ಣಲ್ಲಿ ನೀರು ಬಂತು. ಧೂಳೆಂದು ಸೆರಗಿನಿಂದ ಒರೆಸಿಕೊಂಡೆ.

ಮನೆಯಲ್ಲಿ ಯಜಮಾನರು ಬಾಗಿಲಲ್ಲೇ ಕೂತಿದ್ದರು. ಪುಟ್ಟರಾಜು ಆಗಲೇ ಫೋನ್ ಮಾಡಿ ಎಲ್ಲ ಹೇಳಿದ್ದನಂತೆ. ಇವರು ನನ್ನ ಕೈಚೀಲ ತೆಗೆದುಕೊಂಡರು. ಚೀಲದಿಂದ ಗಂಟೆ ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟರು. ಚೈತ್ರಳನ್ನು ಕರೆದು, "ಆ ಪುಟ್ಟರಾಜನಿಗೆ ಫೋನ್ ಹಚ್ಚವ್ವ" ಎಂದರು. ಸ್ಪೀಕರಿನಲ್ಲಿ ಅವನ ದನಿ ಬಂದಾಗ, "ನೋಡಪ್ಪ, ಕಂಪನಿ ಕೊಟ್ಟಂಗೆ ನಂಗ್ಯಾಕೆ? ಕಂಪನಿಯೋರು ಇವಳನ್ನ ಬಸ್ತಿಹಳ್ಳೀಲಿ ಬಿಟ್ಟು ಬಂದಿದ್ರಾ? ನಾ ಓಡಿಸ್ತಿದ್ದಂಗೆ ಮಾಡು, ಗಂಟೆ ಸಮೇತ" ಅಂದರು. ಚೈತ್ರ ನನ್ನ ಮುಖ ನೋಡಿದಳು, ಜಗಲಿಯ ಮೇಲಿದ್ದ ಹಲಗೆ ನೋಡಿದಳು. "ಅಜ್ಜೀ, ನಿಂಗೆ ನನ್ ಹಿಂದೆ ಕೂರ್ಬೇಕಿತ್ತಾ? ಬಾಯಿಬಿಟ್ಟು ಹೇಳಕ್ಕೆ ಏನಾಗಿತ್ತು ನಿಂಗೆ?" ಎಂದು ನನ್ನ ಮೇಲೇ ರೇಗಿ, ಫೋನಿಗೆ ಬಗ್ಗಿ, "ಅಂಕಲ್, ಸೀಟ್ ಮುಟ್ಟಬೇಡಿ. ಓಡೋ ಹಂಗೆ ಮಾಡಿ ಸಾಕು" ಅಂದಳು. "ರಿಪೇರಿ ಅಂತ ಒಂದು ಮಾತು ಅಂದಿದ್ರೆ ಮೊನ್ನೆನೇ ಶುರು ಮಾಡ್ತಿದ್ನಲ್ಲ ಯಜಮಾನ್ರೇ" ಎಂದು ಅವನು ನಿಟ್ಟುಸಿರಿಟ್ಟ.

ಅವತ್ತು ಸಂಜೆ ಎಲ್ಲರೂ ಒಟ್ಟಿಗೇ ಊಟಕ್ಕೆ ಕೂತೆವು. ಬಿಸಿ ಮುದ್ದೆ, ಉಪ್ಪುಪ್ಪಾದ ಹುರುಳಿ ಸಾರು. ಯಾರೂ ಉಪ್ಪಿನ ಮಾತು ಎತ್ತಲಿಲ್ಲ, ನೀರು ಮಾತ್ರ ಬಹಳ ಖರ್ಚಾಯಿತು. ಬೇಲೂರಿಗೆ ಯಾವ ಸೀರೆ ಉಡುವುದು ಎಂದು ನಾನು ಸೊಸೆಯನ್ನು ಕೇಳುತ್ತಿದ್ದೆ. ಆಗ ಯಜಮಾನರು ಮುದ್ದೆ ಮುರಿಯುತ್ತಾ, "ಮೊದಲ ಸಲ ನಾ ಹಿಂದೆ ಕೂತ್ಕಂಡು ಹೋಗಿ ಬತ್ತೀನಿ. ಮಗು ಹೊಸಬಳು, ಆ ಗೇರು ಹೇಳಿಕೊಡಬೇಕು" ಎಂದರು.

ನನ್ನ ಜೀವ ಮತ್ತೆ ಬಾವಿಗಿಳಿಯಿತು. ಮಂಡಿ ಸೋತ ಮೇಲೆ ಅವರಿಗೂ ಮುಂದಿನ ಸೀಟು ಇಲ್ಲ ಎಂಬುದು ಇಷ್ಟು ದಿನ ಗಂಟೆಯ ಚಿಂತೆಯಲ್ಲಿ ನನಗೆ ಹೊಳೆದೇ ಇರಲಿಲ್ಲ. "ಗಂಟೆ ಹೊಡೆಯೋಕೆ ಬರ್ತೈತಾ ನಿಮಗೆ?" ಎಂದೆ. "ಅದೇನು ಬ್ರಹ್ಮವಿದ್ಯೆನಾ?" ಎಂದು ತಟ್ಟೆಯ ಪಕ್ಕದಲ್ಲಿದ್ದ ಗಂಟೆಯನ್ನು ಎಡಗೈಯಲ್ಲಿ ಎರಡು ಸಲ ಹೊಡೆದರು. ಮಹೇಶ, ಸೊಸೆ, ಚೈತ್ರ ಮೂವರೂ ತುತ್ತನ್ನು ಅರ್ಧಕ್ಕೇ ನಿಲ್ಲಿಸಿಬಿಟ್ಟರು. ಒಂದು ಸಲ ಹೊಡೆದರು, ಎಲ್ಲರೂ ನಗುತ್ತಾ ಮತ್ತೆ ಉಣ್ಣತೊಡಗಿದರು. "ಆಯ್ತಲ್ಲ, ನೀನೂ ಉಣ್ಣೇ" ಎಂದರು. ನೋಡಿದರೆ, ಇಷ್ಟು ವರ್ಷ ಅದೇ ಗಂಟೆಯಿಂದ ಅವರನ್ನು ನಿಲ್ಲಿಸುತ್ತಿದ್ದ ನಾನೂ ಬಾಯಿ ತೆರೆದುಕೊಂಡು, ತುತ್ತು ಹಿಡಿದು, ಕೂತಲ್ಲೇ ನಿಂತುಬಿಟ್ಟಿದ್ದೆ.