ಟು ಮನೆಯವರು, ಇಂಗ್ ಮನೆಯವರು

ಓಬಳಯ್ಯ ಮೇಷ್ಟ್ರ ಸಂಸಾರಕ್ಕೆ ಅಡ್ಡ ನಿಂತದ್ದು ಅತ್ತೆಯೂ ಅಲ್ಲ, ನಾದಿನಿಯೂ ಅಲ್ಲ. 'ಟು' ಮತ್ತು 'ಇಂಗ್' ಎಂಬ ಎರಡು ಇಂಗ್ಲಿಷ್ ತುಂಡುಗಳು.

ಓಬಳಯ್ಯ ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಎಂಥ ಹುಲಿಯೆಂದರೆ, ಅವರು ಸೀಮೆಸುಣ್ಣ ಹಿಡಿದರೆ ಸಾಕು, ಬೋರ್ಡೇ ಹೆದರಿ ಉತ್ತರ ಹೇಳಿಬಿಡುತ್ತಿತ್ತು. ಆದರೆ ಇಂಗ್ಲಿಷ್ ಮೇಷ್ಟ್ರು ರಿಟೈರಾಗಿ, ಆ ಪೀರಿಯಡ್ಡೂ ಇವರ ಕೊರಳಿಗೆ ಬಿದ್ದಿತ್ತು. ಹೆಂಡತಿ ನಿಂಗಮ್ಮ ಕುಣಿಗಲ್ಲಿನಲ್ಲಿ ನರ್ಸು. ಮದುವೆಯಾದ ಲಾಗಾಯ್ತು ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದ್ದು ಭಾನುವಾರ ಮಾತ್ರ. ಕುಣಿಗಲ್ಲಿಗೆ ವರ್ಗ ಸಿಗಬೇಕಾದರೆ ಇನ್‌ಸ್ಪೆಕ್ಟರ್ ಗುರುಸಿದ್ದಯ್ಯನವರು ಪಾಠ ನೋಡಿ ಮೆಚ್ಚಬೇಕು.

"ಸಾಹೇಬ್ರು ಮಧ್ಯಾಹ್ನ ಬರ್ತಾವ್ರೆ ಕಣ್ರೀ, ನಿಮ್ಮ ಇಂಗ್ಲಿಷ್ ಪೀರಿಯಡ್‌ಗೇ!" ಎಂದು ಹೆಡ್‌ಮೇಷ್ಟ್ರು ಸದಾಶಿವಯ್ಯ ಬೆಳಿಗ್ಗೆಯೇ ಬಾಂಬು ಹಾಕಿದರು. ಅಂದಿನ ಪಾಠ ಇನ್ಫಿನಿಟಿವ್ ಮತ್ತು ಜೆರಂಡ್. ಕ್ರಿಯಾಪದದ ತಲೆಗೆ ಯಾವಾಗ 'ಟು' ಇಡಬೇಕು, ಬಾಲಕ್ಕೆ ಯಾವಾಗ 'ಇಂಗ್' ಕಟ್ಟಬೇಕು? ಓಬಳಯ್ಯನವರಿಗೆ ಅದು ದೇವರಾಣೆಗೂ ಗೊತ್ತಿರಲಿಲ್ಲ.

ಸ್ಟಾಫ್ ರೂಮಿನಲ್ಲಿ ಸಲಹೆಗಳ ಮಳೆಯೇ ಸುರಿಯಿತು.

"ಕೆಲಸ ಆಗೋದಕ್ಕೆ ಮುಂಚೆ ಟು. ಓಟಕ್ಕೆ ಮುಂಚೆ ವಿಸಿಲ್ ಊದಲ್ವಾ, ಹಂಗೆ," ಎಂದರು ಡ್ರಿಲ್ ಮೇಷ್ಟ್ರು ಕದರಯ್ಯ.

"ವಿಸಿಲ್ ಊದೋರಿಗೆ ಇಂಗ್ಲಿಷ್ ಬೇರೆ ಕೇಡು! ಎಲ್ಲಾದಕ್ಕೂ ಇಂಗ್ ಹಾಕಿ ಸಾರ್, ಬಾಯಿಗೆ ಇಂಪಾಗಿರ್ತದೆ," ಎಂದರು ಡ್ರಾಯಿಂಗ್ ಮೇಷ್ಟ್ರು ಹೊನ್ನಯ್ಯ.

ಇಬ್ಬರೂ ಜಗಳಕ್ಕೆ ತೋಳೇರಿಸಿದರು. ಓಬಳಯ್ಯ "ಟು, ಇಂಗ್, ಟು, ಇಂಗ್" ಎಂದು ಗೊಣಗುತ್ತ ಊಟಕ್ಕೆ ಮನೆಗೆ ಹೋದರೆ, ಮನೆ ಓನರ್ ಹನುಮಂತಮ್ಮ ಕೇಳಿಸಿಕೊಂಡು, ಮೇಷ್ಟ್ರಿಗೆ ಜ್ವರ ನೆತ್ತಿಗೇರಿದೆ ಎಂದು ಕಷಾಯಕ್ಕೆ ಇಟ್ಟರು.

ಪೀರಿಯಡ್ ಶುರುವಾಯಿತು. ಗುರುಸಿದ್ದಯ್ಯನವರು ಹಿಂದೆ ಕುರ್ಚಿ ಹಾಕಿಸಿಕೊಂಡು, ಕುಂಬಳಕಾಯಿ ಇಟ್ಟ ಹಾಗೆ ಕೂತರು. ಓಬಳಯ್ಯ ಪುಸ್ತಕ ನೋಡಿಕೊಂಡು ಒಂದಷ್ಟು ಕ್ರಿಯಾಪದ ಬೋರ್ಡಿನ ಮೇಲೆ ಬರೆದರು.

"ಸಾರ್, ವಾಂಟ್‌ಗೆ ಟು ಯಾಕೆ? ಎಂಜಾಯ್‌ಗೆ ಇಂಗ್ ಯಾಕೆ?" ಎಂದಳು ಮುಂದಿನ ಬೆಂಚಿನ ಹುಡುಗಿ.

ಮೇಷ್ಟ್ರ ಮೈಯಿಂದ ಹರಿದ ಬೆವರಿಗೆ ಗುಬ್ಬಿ ಕೆರೆ ಕೋಡಿ ಬಿದ್ದಿತಂತೆ. ಅಷ್ಟರಲ್ಲಿ ಕಿಟಕಿಯಲ್ಲಿ ಕಷಾಯದ ಚೊಂಬು ಕಂಡಿತು, ಹಿಂದೆಯೇ ಹನುಮಂತಮ್ಮ. ಅರ್ಧ ತಾಲ್ಲೂಕಿನ ಮದುವೆ ಕುದುರಿಸಿದ ಹೆಂಗಸು. ಆ ಮುಖ ನೋಡಿದ್ದೇ ಮೇಷ್ಟ್ರ ತಲೆಯಲ್ಲಿ ದೀಪ ಹತ್ತಿತು.

"ನೋಡ್ರಪ್ಪಾ, ನಮ್ಮ ಕಡೆ ಒಂದೊಂದು ಮನೆಯವರು ಇಂಥ ಮನೆಗೇ ಹೆಣ್ಣು ಕೊಡ್ತಾರೆ, ಇಂಥ ಮನೆಗೆ ಕೊಡಲ್ಲ. ಯಾಕೆ ಅಂತ ಕೇಳ್ತೀರಾ?"

"ಇಲ್ಲಾ ಸಾರ್, ಬೆನ್ ಮುರೀತಾರೆ!"

"ಇದೂ ಹಂಗೇ. ವಾಂಟ್, ಹೋಪ್, ಡಿಸೈಡ್, ಪ್ರಾಮಿಸ್ ಟು ಮನೆಯ ಬೀಗರು. ಎಂಜಾಯ್, ಫಿನಿಷ್, ಅವಾಯ್ಡ್, ಸಜೆಸ್ಟ್ ಇಂಗ್ ಮನೆಯ ಬೀಗರು."

"ಲೈಕ್, ಸಾರ್?"

"ಅವರು ಎರಡು ಮನೆಗೂ ಕೊಡ್ತಾರೆ."

"ಆ ಸ್ಟಾಪ್ ಅನ್ನೋರು ಯಾರ ಕಡೆಯೋರಪ್ಪ?" ಹುಡುಗರು ಬೋರ್ಡಿನ ಕೊನೆಯ ಪದ ಓದುತ್ತಿದ್ದಂತೆ ಹನುಮಂತಮ್ಮ ಕಿಟಕಿಯಿಂದಲೇ ಕೇಳಿದರು.

"ಅವರೂ ಎರಡೂ ಕಡೆ ಓಡಾಡ್ತಾರೆ ಕಣಮ್ಮ. ಆದ್ರೆ ಆ ಮನೇಲಿ ಒಂದು ಮಾತು, ಈ ಮನೇಲಿ ಇನ್ನೊಂದು ಮಾತು."

"ಥೂ, ಅಂಥೋರ ಸಂಬಂಧವೇ ಬ್ಯಾಡ ಬುಡು!"

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಕದರಯ್ಯ ಒಳಗೆ ನುಗ್ಗಿದರು. "ಟು ಮುಂದೆ ನಡೀತದೆ, ನಮ್ಮದೇ ಗಂಡಿನ ಕಡೆ!"

"ಅಂದ್ರೆ ನಮ್ಮ ಇಂಗ್ ನಿಮ್ಮ ಮುಂದೆ ಕೈಕಟ್ಟಿ ನಿಲ್ಬೇಕೇನ್ರೀ?" ಹೊನ್ನಯ್ಯ ಇನ್ನೊಂದು ಬಾಗಿಲಿಂದ ನುಗ್ಗಿದರು.

ಬೆಂಚುಗಳು ಎರಡು ದಿಬ್ಬಣವಾಗಿ ಒಡೆದವು. ಒಂದು ಕಡೆಯವರು ಬಾಯಲ್ಲೇ ವಾಲಗ ಊದಿದರು, ಇನ್ನೊಂದು ಕಡೆಯವರು ಡೆಸ್ಕು ಬಡಿದರು. ಆ ಗದ್ದಲಕ್ಕೆ ಅತ್ತ ದೂರದ ಅಂತರಸನಹಳ್ಳಿಯ ಹೆದ್ದಾರಿಯಲ್ಲಿ ಲಾರಿಗಳು ಬ್ರೇಕ್ ಹಾಕಿ ನಿಂತವು.

ಗುರುಸಿದ್ದಯ್ಯ ಎದ್ದರು. ಹುಡುಗರು ದಡಬಡ ಬೆಂಚಿಗೆ ಕೂತರು. ಓಬಳಯ್ಯ ಮನಸ್ಸಿನಲ್ಲೇ ನಿಂಗಮ್ಮನ ಕ್ಷಮೆ ಕೇಳಿದರು.

"ಸಜೆಸ್ಟ್?" ಎಂದರು ಇನ್‌ಸ್ಪೆಕ್ಟರು.

"ಇಂಗ್ ಮನೆ ಸಾರ್!"

"ಪ್ರಾಮಿಸ್?"

"ಟು ಮನೆ ಸಾರ್!" ಮಕ್ಕಳೆಲ್ಲ ಹಂಚು ಹಾರಿಹೋಗುವಂತೆ ಕೂಗಿದರು.

ಇನ್‌ಸ್ಪೆಕ್ಟರು ಓಬಳಯ್ಯನವರನ್ನು ಬಾಚಿ ತಬ್ಬಿಕೊಂಡರು. "ಇಷ್ಟು ವರ್ಷದ ಸರ್ವಿಸ್‌ನಲ್ಲಿ ನನಗೂ ಇದು ಅರ್ಥವಾಗಿದ್ದು ಇವತ್ತೇ ಕಣ್ರೀ!"

ಇದೇ ಸಮಯವೆಂದು ಓಬಳಯ್ಯ ಹಲ್ಲು ಗಿಂಜಿದರು. "ಸಾರ್, ನನ್ನ ಕುಣಿಗಲ್ ವರ್ಗ..."

"ಕುಣಿಗಲ್ಲಾ? ನಿಮ್ಮಂಥೋರನ್ನ ಇಲ್ಲಿಂದ ಕಿತ್ತರೆ ಈ ಮಕ್ಕಳ ಶಾಪ ತಟ್ಟಲ್ವೇನ್ರೀ ನನಗೆ? ಇಲ್ಲಿಗೆ ಅಂತ ಹೊಸ ಇಂಗ್ಲಿಷ್ ಮೇಷ್ಟ್ರು ಹೊರಟಿದ್ರು. ಅವರನ್ನ ಕುಣಿಗಲ್ಲಿಗೆ ಹಾಕ್ತೀನಿ. ನೀವು ರಿಟೈರಾಗೋವರೆಗೂ ಇಲ್ಲೇ ಇಂಗ್ಲಿಷ್ ಹೇಳಿ!"

ಕದರಯ್ಯ, ಹೊನ್ನಯ್ಯ ಜಗಳ ಮರೆತು ಮೇಷ್ಟ್ರನ್ನು ಹೆಗಲೇರಿಸಿಕೊಂಡು ರಸ್ತೆಗೆ ಇಳಿದರು. ಸದಾಶಿವಯ್ಯ ಎಲ್ಲಿಂದಲೋ ಹಾರ ತಂದರು. ಆ ಎತ್ತರದಿಂದ ಓಬಳಯ್ಯ ನೋಡುತ್ತಿದ್ದಂತೆಯೇ ಕುಣಿಗಲ್ ಬಸ್ಸು ಹಾರನ್ ಹೊಡೆಯುತ್ತ ಹೊರಟುಹೋಯಿತು. ಮೇಷ್ಟ್ರು ಗೊಳೋ ಎಂದು ಅತ್ತರು. ಜನ ಅದನ್ನು ಆನಂದಬಾಷ್ಪ ಎಂದುಕೊಂಡು ಇನ್ನೊಂದು ಹಾರ ಹಾಕಿದರು.